ಮೇಣ ಕರಗಿಸಿ ಕೊಂಡ ಊರು

ಹಾಲ್ ಟಿಕೆಟ್‌ನಲ್ಲಿ ಪರೀಕ್ಷಾ ಕೇಂದ್ರ ಚೆನ್ನೈ ಎಂದಿತ್ತು. ನೋಡಿದ ತಕ್ಷಣ ತಲೆ ಮೇಲೆ ಕೈ ಹೊತ್ತು ಕೂತೆ. ಗುಬ್ಬಿಯಿಂದ ತುಮಕೂರು, ಅಲ್ಲಿಂದ ಬೆಂಗಳೂರು, ಬೆಂಗಳೂರಿನಿಂದ ರಾತ್ರಿಯಿಡೀ ರೈಲು. ಒಂದೂವರೆ ಗಂಟೆಯ ಆನ್‌ಲೈನ್ ಪರೀಕ್ಷೆಗೆ ಎರಡು ರಾತ್ರಿ ನಿದ್ದೆಗೆಡಬೇಕು. ಬಿ.ಕಾಂ. ಮುಗಿಸಿ ಮೂರು ವರ್ಷವಾಗಿತ್ತು. ಇದು ಏಳನೆಯ ಪರೀಕ್ಷೆ. ಪ್ರಯಾಣದ ಖರ್ಚು ಕೇಳಲು ನಾಲಿಗೆ ಏಳಲಿಲ್ಲ.

ಅಪ್ಪ ಜೇಬಿನಿಂದ ದುಡ್ಡು ತೆಗೆದು ಎಣಿಸಿಕೊಡುತ್ತಾ, "ಹೋಗಿ ಬಾ. ಸಮುದ್ರನಾದ್ರೂ ನೋಡ್ದಂಗಾಗುತ್ತೆ" ಅಂದರು.

ಅಪ್ಪ ಸಮುದ್ರ ನೋಡಿಲ್ಲ. ಆದರೆ ಎಷ್ಟು ಸಲ ಬರೆದಿದ್ದಾರೋ ಲೆಕ್ಕವಿಲ್ಲ. ಹೋಟೆಲ್ ಗೋಡೆ, ಸಲೂನಿನ ಕನ್ನಡಿಯ ಮೇಲ್ಭಾಗ, ಲಾರಿಯ ಹಿಂಬದಿ, ಊರಿನ ನಾಟಕದ ಪರದೆ ಎಲ್ಲ ಕಡೆಯೂ ಅಪ್ಪನ ಸಮುದ್ರ ಇತ್ತು. ಎರಡು ತೆಂಗಿನ ಮರ, ಒಂದು ದೋಣಿ, ಅರ್ಧ ಮುಳುಗಿದ ಕೆಂಪು ಸೂರ್ಯ. ಹತ್ತಿರದಿಂದ ಕಂಡಿದ್ದು ತೆಂಗಿನ ಮರ ಮಾತ್ರ. ಅದಕ್ಕೇ ಇರಬೇಕು, ಮರಗಳು ಮಾತ್ರ ನಿಜವಾದ ಮರಗಳಂತೆಯೇ ಇರುತ್ತಿದ್ದವು.

ಅಪ್ಪನ ಮುಖ್ಯ ಕೆಲಸ ಬೋರ್ಡ್ ಬರೆಯುವುದು. ಸೀಮೆಸುಣ್ಣ ಹಚ್ಚಿದ ದಾರವನ್ನು ಎಳೆದು ಬಿಟ್ಟು ಗೆರೆ ಮೂಡಿಸಿ, ಅದರ ಮೇಲೆ ಒಂದೇ ಉಸಿರಿನಲ್ಲಿ ಅಕ್ಷರ ಕೂರಿಸುತ್ತಿದ್ದರು. 'ಕ್ಷ' ಬರೆಯುವಾಗ ನಾನು ಡಬ್ಬಿ ಹಿಡಿದುಕೊಂಡು ಬಾಯಿ ಬಿಟ್ಟು ನೋಡುತ್ತಿದ್ದೆ. ಆಮೇಲೆ ಫ್ಲೆಕ್ಸ್ ಬಂತು. ಎರಡು ದಿನದ ಬೋರ್ಡ್ ಇಪ್ಪತ್ತು ನಿಮಿಷದಲ್ಲಿ ಪ್ರಿಂಟ್ ಆಗಿ ಬರತೊಡಗಿತು. ಮೊದಲು ಜಾಹೀರಾತು ಗೋಡೆಗಳು ಹೋದವು, ನಂತರ ಅಂಗಡಿ ಬೋರ್ಡು, ಕೊನೆಗೆ ವಾಹನದ ನಂಬರ್ ಪ್ಲೇಟು ಕೂಡ. ಅಪ್ಪ ಅಂಗಡಿಯ ಶಟರ್ ಎಳೆದು, ಮನೆಗಳಿಗೆ ಸುಣ್ಣ ಬಣ್ಣ ಹೊಡೆಯುವ ಕೆಲಸಕ್ಕೆ ಇಳಿದರು. ಬ್ರಷ್ಷಿನ ಜಾಗಕ್ಕೆ ರೋಲರ್ ಬಂತು. ಅಂದಿನಿಂದ ಮನೆಯಲ್ಲಿ ಒಂದು ಕಾಯಿದೆ: ಮಗ ಬ್ರಷ್ ಮುಟ್ಟಬಾರದು.

ನಾನು ಮುಟ್ಟುತ್ತಿದ್ದೆ, ಕದ್ದು. ನೋಟ್ಸಿನ ಹಿಂದಿನ ಪುಟಗಳಲ್ಲಿ ಚಿತ್ರ ಬರೆಯುತ್ತಿದ್ದೆ. ಒಮ್ಮೆ ತುಮಕೂರಿನಲ್ಲಿ ಒಬ್ಬರು ತಮ್ಮ ಹೊಸ ಅಂಗಡಿಯ ಗೋಡೆಗೆ ಚಿತ್ರ ಬರೆಸಿಕೊಂಡು, ನಾಲ್ಕು ದಿನದ ಕೆಲಸಕ್ಕೆ ಕಾಫಿ ಕೊಟ್ಟು, "ನಿಮಗೂ ಒಂದು ಅನುಭವ ಆಯ್ತಲ್ಲ" ಎಂದು ಕಳಿಸಿದ್ದರು. ಅಂದು ಬಸ್ಸಿನಲ್ಲಿ ಬರುವಾಗ ಅಪ್ಪನ ಕಾಯಿದೆ ಸರಿ ಅನ್ನಿಸಿತ್ತು.

ದಾರಿ ತಪ್ಪಿಸಿದ ಒಂದು ಹೆಸರು

ಚೆನ್ನೈ ಎಂದಾಗ ನನಗೆ ನೆನಪಾದದ್ದು ಒಂದು ಹೆಸರು. ಗ್ರಂಥಾಲಯದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳ ಮಧ್ಯೆ ಬೇಜಾರಾದಾಗ ತಿರುವಿಹಾಕಿದ್ದ ಹಳೆಯ ಪತ್ರಿಕೆಯೊಂದರಲ್ಲಿ ಕಲಾವಿದ ಎಸ್.ಜಿ. ವಾಸುದೇವ್ ಬಗ್ಗೆ ಓದಿದ್ದೆ. ಮೈಸೂರಿನಲ್ಲಿ 1941ರಲ್ಲಿ ಹುಟ್ಟಿದವರು, ಮದ್ರಾಸಿಗೆ ಹೋಗಿ ಚಿತ್ರಕಲೆ ಕಲಿತು, ಅಲ್ಲಿನ ಕಡಲ ತೀರದಲ್ಲಿ ಕಲಾವಿದರೇ ಕಟ್ಟಿಕೊಂಡ ಹಳ್ಳಿಯೊಂದರಲ್ಲಿ ಬಹುಕಾಲ ಬದುಕಿದರು ಎಂದಿತ್ತು. ಆ ಹಳ್ಳಿಯ ಹೆಸರು ಚೋಳಮಂಡಲ. 'ಕಲಾವಿದರೇ ಕಟ್ಟಿಕೊಂಡ ಹಳ್ಳಿ' ಎಂಬ ಮಾತು ತಲೆಯಲ್ಲಿ ಉಳಿದುಬಿಟ್ಟಿತ್ತು. ಬೋರ್ಡ್ ಬರೆಯುವವರಿಗೆ ಅಂಗಡಿ ಬಾಡಿಗೆ ಕಟ್ಟುವುದೇ ಕಷ್ಟ, ಇವರು ಊರನ್ನೇ ಹೇಗೆ ಕಟ್ಟಿದರು?

ನನ್ನ ಜೊತೆ ಪರೀಕ್ಷೆ ಬರೆಯಲು ಕುಣಿಗಲ್‌ನ ಗೆಳೆಯನೂ ಬಂದಿದ್ದ. ಕಾಲೇಜಿನಲ್ಲಿ ಒಂದೇ ಬೆಂಚು. ಲೆಕ್ಕದಲ್ಲಿ ಹುಷಾರು, ಮಾತಿನಲ್ಲಿ ಇನ್ನೂ ಹುಷಾರು. ಬೆಂಗಳೂರಿನಲ್ಲಿ ಕಾವೇರಿ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಚೆನ್ನೈ ಸೆಂಟ್ರಲ್‌ನಲ್ಲಿ ಇಳಿದೆವು. ಸ್ಟೇಷನ್ನಿನಲ್ಲೇ ಮುಖ ತೊಳೆದು, ಇಡ್ಲಿ ತಿಂದು, ಐಟಿ ಕಂಪನಿಗಳ ಹಳೆ ಮಹಾಬಲಿಪುರಂ ರಸ್ತೆಯಲ್ಲಿದ್ದ ಕೇಂದ್ರಕ್ಕೆ ಹೋಗಿ, ಮಧ್ಯಾಹ್ನದ ಪಾಳಿಯಲ್ಲಿ ಪರೀಕ್ಷೆ ಬರೆದೆವು. ಹೊರಗೆ ಬಂದಾಗ ಎರಡು ಗಂಟೆ. ವಾಪಸ್ ರೈಲು ರಾತ್ರಿಗೆ.

"ಇಲ್ಲಿಂದ ಹತ್ತಿರದಲ್ಲೇ ಒಂದು ಮ್ಯೂಸಿಯಂ ಐತೆ, ಬಾ" ಅಂದೆ.

"ಪರೀಕ್ಷೆ ಹೋಯ್ತು ಅಂತ ಗೊತ್ತಾದ ಮೇಲೆ ಮನುಷ್ಯ ಎಲ್ಲಿಗಾದ್ರೂ ಬತ್ತಾನೆ, ನಡಿ ಗುರೂ" ಅಂದ.

ಷೋಲಿಂಗನಲ್ಲೂರಿನಿಂದ ಶೇರ್ ಆಟೊ ಹಿಡಿದು ಈಸ್ಟ್ ಕೋಸ್ಟ್ ರಸ್ತೆಗೆ ಬಂದು, ಅಲ್ಲಿಂದ ಇಂಜಂಬಾಕ್ಕಂನಲ್ಲಿ ಇಳಿದೆವು. ರಸ್ತೆಯ ಎರಡೂ ಬದಿ ಬಂಗಲೆ, ಕಾರ್ ಶೋರೂಂ, ಹೋಟೆಲುಗಳ ಸಾಲು. ಇಲ್ಲೆಲ್ಲಿ ಹಳ್ಳಿ ಅಂದುಕೊಳ್ಳುತ್ತಲೇ ಗೇಟ್ ದಾಟಿದೆವು. ಒಳಗೆ ಹೋಗುತ್ತಿದ್ದಂತೆ ಹಾರ್ನ್ ಸದ್ದು ಹಿಂದಕ್ಕೆ ಸರಿಯಿತು. ಮರಗಳ ನೆರಳು, ಮರಳು ನೆಲ, ಹುಲ್ಲಿನ ಮೇಲೆ ಅಲ್ಲಲ್ಲಿ ನಿಂತ ಕಲ್ಲಿನ, ಲೋಹದ ಶಿಲ್ಪಗಳು.

ಮೇಣ, ಬಟ್ಟೆ ಮತ್ತು ಒಂದು ಉಪಾಯ

ಈ ಊರಿನ ಕಥೆಯನ್ನು ನಮ್ಮಂಥ ಕೆಲಸ ಹುಡುಕುವವರು ಕೇಳಲೇಬೇಕು. ಅದು ಶುರುವಾಗುವುದೇ ನಿರುದ್ಯೋಗದ ಚಿಂತೆಯಿಂದ.

ಮದ್ರಾಸಿನಲ್ಲಿ ಒಂದು ಕಲಾಶಾಲೆ ಇದೆ. ಅಲೆಕ್ಸಾಂಡರ್ ಹಂಟರ್ ಎಂಬ ವೈದ್ಯ 1850ರಲ್ಲಿ ಶುರುಮಾಡಿದ್ದು, ದೇಶದ ಹಳೆಯ ಕಲಾಶಾಲೆಗಳಲ್ಲಿ ಮೊದಲನೆಯದು. ಮರೀನಾ ತೀರದಲ್ಲಿ ಬಂಡೆ ಹೊರಳಿಸುವ ಕಾರ್ಮಿಕರ ಪ್ರತಿಮೆ ಇದೆಯಲ್ಲ, ಅದನ್ನು ಮಾಡಿದ ದೇವಿಪ್ರಸಾದ್ ರಾಯ್ ಚೌಧುರಿ ಅಲ್ಲಿ 1929ರಿಂದ ಮುಖ್ಯಸ್ಥರಾಗಿದ್ದರು. 1957ರಲ್ಲಿ ಅವರ ಶಿಷ್ಯ ಕೆ.ಸಿ.ಎಸ್. ಪಣಿಕ್ಕರ್ ಆ ಸ್ಥಾನಕ್ಕೆ ಬಂದರು. ಒಳ್ಳೆಯ ಮೇಷ್ಟ್ರು. ಅವರ ಕೈಯಲ್ಲಿ ಪ್ರತಿಭಾವಂತ ಹುಡುಗರು ತಯಾರಾಗುತ್ತಿದ್ದರು. ಆದರೆ ತಯಾರಾಗಿ ಹೋಗುವುದೆಲ್ಲಿಗೆ? ಆಗಿನ ಮದ್ರಾಸಿನಲ್ಲಿ ಆಧುನಿಕ ಚಿತ್ರಗಳನ್ನು ಕೊಳ್ಳುವವರು ತೀರಾ ಕಡಿಮೆ. ಡಿಪ್ಲೊಮಾ ಹಿಡಿದು ಹೊರಬಿದ್ದವರು ಜಾಹೀರಾತು ಕಂಪನಿಗೋ ಜವಳಿ ವಿನ್ಯಾಸಕ್ಕೋ ಸೇರಿ, ಸ್ವಂತ ಚಿತ್ರ ಬರೆಯುವುದನ್ನು ಮೆಲ್ಲಗೆ ಬಿಟ್ಟುಬಿಡುತ್ತಿದ್ದರು. ನಾಲ್ಕೈದು ವರ್ಷ ಕಲಿಸಿದ ಮೇಷ್ಟ್ರಿಗೆ ಇದನ್ನು ನೋಡಿಕೊಂಡಿರುವುದು ಹೇಗೆ ಸಾಧ್ಯ?

ಪಣಿಕ್ಕರ್ ಮತ್ತು ಅವರ ವಿದ್ಯಾರ್ಥಿಗಳು ಕಂಡುಕೊಂಡ ಉಪಾಯ ಸರಳ. ಚಿತ್ರ ಮಾರಾಟ ಆಗುವುದಿಲ್ಲವೇ? ಸರಿ, ಮಾರಾಟ ಆಗುವ ಬೇರೆ ಏನನ್ನಾದರೂ ಅದೇ ಕೈಯಿಂದ ಮಾಡೋಣ. ಬಾಟಿಕ್ ಬಟ್ಟೆ, ಲೋಹದ ಕೆಲಸ, ಸಣ್ಣಪುಟ್ಟ ಕರಕುಶಲ ವಸ್ತು. ಅದಕ್ಕೊಂದು ಸಂಘ ಕಟ್ಟೋಣ. ದಿನದ ಸ್ವಲ್ಪ ಹೊತ್ತು ಕರಕುಶಲದ ದುಡಿಮೆ, ಉಳಿದ ಹೊತ್ತು ತಮಗೆ ಬೇಕಾದ ಚಿತ್ರ. ಹೊಟ್ಟೆಪಾಡಿಗೆ ಬಾಟಿಕ್ ಇದ್ದರೆ ಚಿತ್ರಕ್ಕೆ ಯಾರ ಮರ್ಜಿಯೂ ಬೇಡ.

ಬಾಟಿಕ್ ಅಂದರೆ ಜಾವಾ ದ್ವೀಪದಲ್ಲಿ ಹೆಸರಾದ ಬಟ್ಟೆಗೆ ಬಣ್ಣ ಹಾಕುವ ವಿದ್ಯೆ. ಬಿಳಿಯ ಹತ್ತಿ ಬಟ್ಟೆಯ ಮೇಲೆ ಕರಗಿಸಿದ ಬಿಸಿ ಮೇಣದಲ್ಲಿ ಚಿತ್ರ ಬರೆದು, ಬಟ್ಟೆಯನ್ನು ಬಣ್ಣದ ನೀರಿಗೆ ಅದ್ದುತ್ತಾರೆ. ಮೇಣ ಇದ್ದಲ್ಲಿ ಬಣ್ಣ ಹಿಡಿಯುವುದಿಲ್ಲ. ಒಣಗಿದ ಮೇಲೆ ಮತ್ತೊಂದು ಭಾಗಕ್ಕೆ ಮೇಣ, ಮತ್ತೊಂದು ಬಣ್ಣ. ತಿಳಿ ಬಣ್ಣದಿಂದ ಶುರುಮಾಡಿ ಗಾಢ ಬಣ್ಣಕ್ಕೆ ಹೋಗಬೇಕು. ಕೊನೆಗೆ ಬಿಸಿನೀರಿನಲ್ಲಿ ಮೇಣವನ್ನೆಲ್ಲ ಬಿಡಿಸಿದರೆ ಚಿತ್ರ ಉಳಿಯುತ್ತದೆ. ನಡುವೆ ಮೇಣ ಬಿರುಕು ಬಿಟ್ಟಲ್ಲಿ ಬಣ್ಣ ನುಗ್ಗಿ ಸಣ್ಣ ಸಣ್ಣ ಗೆರೆಗಳಾಗುತ್ತವೆ. ಒಂದರಂತೆ ಇನ್ನೊಂದು ಬರುವುದೇ ಇಲ್ಲ.

ಹೀಗೆ ಮಾಡಿದ ಬಟ್ಟೆಗಳು ಮಾರಾಟವಾದವು. ಬಂದ ಹಣವನ್ನು ಕೂಡಿಟ್ಟು, ಊರಾಚೆ ಕಡಲ ಬದಿಯಲ್ಲಿ ಜಮೀನು ಕೊಂಡರು. ಅದು 1966. ಅಲ್ಲಿ ಆಗ ಸರ್ವೆ ಮರ, ಮರಳು ಬಿಟ್ಟರೆ ಬೇರೇನಿರಲಿಲ್ಲ. ಗುಡಿಸಲು ಹಾಕಿಕೊಂಡು ಇರತೊಡಗಿದರು. ಒಂದು ಕಾಲಕ್ಕೆ ಆ ಕರಾವಳಿಯನ್ನು ಆಳಿದ ಚೋಳರ ನೆನಪಿಗೆ ಚೋಳಮಂಡಲ ಎಂದು ಹೆಸರಿಟ್ಟರು. ಯುರೋಪಿನವರ ಬಾಯಲ್ಲಿ ಕೋರಮಂಡಲವಾದದ್ದು ಇದೇ ಹೆಸರು.

ಸರ್ಕಾರ ಕೊಟ್ಟ ನಿವೇಶನವಲ್ಲ, ಯಾವ ಮಹಾರಾಜರೂ ದಾನ ಕೊಟ್ಟದ್ದಲ್ಲ. ಮೇಣ ಕರಗಿಸಿ ಕೊಂಡ ಊರು.

ಓದಲಾಗದ ಅಕ್ಷರಗಳ ಮುಂದೆ

ಟಿಕೆಟ್ ಪಡೆದು ಮ್ಯೂಸಿಯಂ ಒಳಗೆ ಹೋದೆವು. 2009ರಲ್ಲಿ ಶುರುವಾದ ಈ ಕಟ್ಟಡದಲ್ಲಿ ಪಣಿಕ್ಕರ್ ಮತ್ತವರ ಬಳಗದ ಕೆಲಸಗಳಿವೆ. ಕಲೆಯ ಇತಿಹಾಸದಲ್ಲಿ ಇವರನ್ನೆಲ್ಲ ಸೇರಿಸಿ 'ಮದ್ರಾಸ್ ಚಳವಳಿ' ಎನ್ನುತ್ತಾರೆ. ಪ್ಯಾರಿಸ್ಸನ್ನು ನಕಲು ಮಾಡದೆ, ಅಜಂತಾವನ್ನೂ ನಕಲು ಮಾಡದೆ, ದಕ್ಷಿಣದ ನೆಲದಿಂದಲೇ ಹೊಸ ಚಿತ್ರ ಹುಟ್ಟಬಹುದೇ ಎಂದು ಹುಡುಕಿದವರು ಇವರು.

ನಿಜ ಹೇಳಬೇಕೆಂದರೆ ಮೊದಲ ಹತ್ತು ನಿಮಿಷ ನನಗೆ ಏನೂ ಅರ್ಥವಾಗಲಿಲ್ಲ. ಪರೀಕ್ಷೆಯ ಅಭ್ಯಾಸ ನೋಡಿ, ಪ್ರತಿ ಚಿತ್ರದ ಮುಂದೆ ನಿಂತು ನಾಲ್ಕು ಆಯ್ಕೆಗಳಲ್ಲಿ ಸರಿ ಉತ್ತರ ಯಾವುದು ಎಂದು ಹುಡುಕುತ್ತಿದ್ದೆ. ಗೆಳೆಯ ಆಗಲೇ ಒಂದು ಸುತ್ತು ಮುಗಿಸಿ ಬಂದು, "ಆಯ್ತಾ?" ಎಂದು ಕೇಳಿದ.

ಆಗಲಿಲ್ಲ. ಏಕೆಂದರೆ ನಾನು ಪಣಿಕ್ಕರ್ ಅವರ ಒಂದು ಚಿತ್ರದ ಮುಂದೆ ಸಿಕ್ಕಿಬಿದ್ದಿದ್ದೆ. 1963ರಿಂದ ಅವರು ಬರೆದ 'ಪದಗಳು ಮತ್ತು ಸಂಕೇತಗಳು' ಎಂಬ ಸರಣಿ ಪ್ರಸಿದ್ಧ. ದೂರದಿಂದ ನೋಡಿದರೆ ಹಳೆಯ ಜಾತಕದ ಹಾಳೆಯೋ, ಜ್ಯೋತಿಷಿಯ ಪಂಚಾಂಗವೋ ಅನ್ನಿಸುತ್ತದೆ. ಕೋಷ್ಟಕದಂಥ ಗೆರೆಗಳು, ಮಲಯಾಳಂ ಲಿಪಿಯಂತೆ ಕಾಣುವ ಸಾಲುಗಳು, ಲೆಕ್ಕದ ಗುರುತುಗಳು, ನಡುವೆ ಮೀನೋ ಹಕ್ಕಿಯೋ ಇರಬಹುದಾದ ಆಕಾರ. ಓದೋಣವೆಂದು ಹತ್ತಿರ ಹೋದರೆ ಓದಲಾಗುವುದಿಲ್ಲ. ಮಲಯಾಳಂ ಬಲ್ಲವರೂ ಓದಲಾರರು. ಅಕ್ಷರದ ಹಾಗೆ ಇದೆ, ಅಕ್ಷರವಲ್ಲ.

ನಾನು ಬೋರ್ಡ್ ಬರೆಯುವವರ ಮಗ. ನಮ್ಮ ಮನೆಯಲ್ಲಿ ಅಕ್ಷರಕ್ಕೆ ಒಂದೇ ಕೆಲಸ: ರಸ್ತೆ ಆ ಬದಿಯಿಂದ ಓದಲಾಗಬೇಕು. 'ಪ್ರೊವಿಷನ್ ಸ್ಟೋರ್' ಎಂದರೆ ಪ್ರೊವಿಷನ್ ಸ್ಟೋರ್. ಒತ್ತಕ್ಷರ ಒಂದು ನೂಲು ಸರಿದರೂ ಅಪ್ಪ ಅಳಿಸಿ ಮತ್ತೆ ಬರೆಯುತ್ತಿದ್ದರು. ಆದರೆ ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ, ಹಳೆಯ ತಗಡಿನ ಮೇಲೆ, ಬ್ರಷ್ಷಿನಲ್ಲಿ ಉಳಿದ ಬಣ್ಣದಲ್ಲಿ ಅಪ್ಪ ಏನೇನೋ ಬಳುಕು ಎಳೆಯುತ್ತಿದ್ದರು. ಒಂದು ಕೊಂಬು, ಒಂದು ಸುಳಿ, ತಲೆಕಟ್ಟು ಮಾತ್ರ. "ಏನಪ್ಪಾ ಅದು?" ಎಂದರೆ "ಏನಿಲ್ಲ, ಕೈ ಪಳಗಿಸ್ತಿದೀನಿ" ಅನ್ನುತ್ತಿದ್ದರು. ಸಂಜೆ ಟರ್ಪೆಂಟೈನ್ ಹಾಕಿ ಒರೆಸಿಬಿಡುತ್ತಿದ್ದರು.

ಆ ಚಿತ್ರದ ಮುಂದೆ ನಿಂತಾಗ ಅದೇ ತಗಡು ನೆನಪಾಯಿತು. ಅಪ್ಪ ಪಣಿಕ್ಕರ್ ಎಂದು ನಾನು ಹೇಳುತ್ತಿಲ್ಲ. ಆದರೆ ಅಪ್ಪನ ಕೈಯಲ್ಲೂ ಗಿರಾಕಿಗೆ ಬೇಡವಾದದ್ದು ಒಂದಿತ್ತು, ಅದನ್ನು ಒರೆಸದೆ ಉಳಿಸಿಕೊಳ್ಳಲು ಒಂದು ಜಾಗ ಇರಲಿಲ್ಲ ಅನ್ನಿಸಿ ಗಂಟಲು ಕಟ್ಟಿತು.

ಮುಂದೆ ವಾಸುದೇವ್ ಅವರ ಕೆಲಸ ಕಂಡಾಗ ನಮ್ಮೂರಿನವರನ್ನು ಪರಊರಿನ ಬಸ್ ಸ್ಟ್ಯಾಂಡಿನಲ್ಲಿ ಕಂಡಷ್ಟು ಖುಷಿಯಾಯಿತು. ಬೇಂದ್ರೆಯವರ ಕಾವ್ಯದ ಪ್ರೇರಣೆಯಿಂದ ಅವರು ಬರೆದ ವೃಕ್ಷದ ಸರಣಿ ಹೆಸರಾದದ್ದು. ಮರದ ಒಳಗೇ ಹಕ್ಕಿ, ಪ್ರಾಣಿ, ಮನುಷ್ಯರು ಬೆಸೆದುಕೊಂಡ ಕಲ್ಪವೃಕ್ಷ ಅದು. ನಮ್ಮ ಜಿಲ್ಲೆಯನ್ನು ಕಲ್ಪತರು ನಾಡು ಎಂದು ಭಾಷಣದಲ್ಲಿ ಕೇಳಿ ಕೇಳಿ ಬೇಸತ್ತಿದ್ದ ನನಗೆ ಆ ಪದಕ್ಕೆ ಮತ್ತೆ ಜೀವ ಬಂದಂತಾಯಿತು. ಕನ್ನಡಿಗರಿಗೆ ವಾಸುದೇವ್ ಇನ್ನೊಂದು ಕಾರಣಕ್ಕೂ ಗೊತ್ತಿರಬೇಕು. ದೇಶದ ಅತ್ಯುತ್ತಮ ಚಿತ್ರವೆಂಬ ಪ್ರಶಸ್ತಿ ಪಡೆದ 1970ರ 'ಸಂಸ್ಕಾರ' ಸಿನಿಮಾದ ಕಲಾ ನಿರ್ದೇಶಕರು ಅವರೇ. ಆಗ ಗಿರೀಶ ಕಾರ್ನಾಡರೂ ಮದ್ರಾಸಿನಲ್ಲೇ ಪುಸ್ತಕ ಪ್ರಕಾಶನ ಸಂಸ್ಥೆಯೊಂದರಲ್ಲಿ ನೌಕರಿ ಮಾಡಿಕೊಂಡು ನಾಟಕ ಬರೆಯುತ್ತಿದ್ದರು. ಅಂದರೆ ಅವರಿಗೂ ಒಂದು 'ಬಾಟಿಕ್' ಇತ್ತು.

ಪಿ.ವಿ. ಜಾನಕೀರಾಮ್ ತಗಡು ಬಡಿದು ಮಾಡಿದ ಶಿಲ್ಪಗಳು, ಪಣಿಕ್ಕರ್ ಅವರ ಮಗ ಎಸ್. ನಂದಗೋಪಾಲ್ ಅವರ ಲೋಹದ ದೇವತೆಗಳಂಥ ಆಕೃತಿಗಳು, ಜೆ. ಸುಲ್ತಾನ್ ಅಲಿ ಅವರ ಜನಪದ ಲೋಕದ ಗೂಳಿಗಳು ನಮ್ಮ ಜಾತ್ರೆ, ಗುಡಿಗಳನ್ನು ಕಂಡವರಿಗೆ ಪರಕೀಯ ಅನ್ನಿಸುವುದಿಲ್ಲ. ಗೂಳಿಯ ಮುಂದೆ ಗೆಳೆಯನೂ ನಿಂತ. ಕುಣಿಗಲ್‌ನ ಕುದುರೆ ಫಾರಂ ಪಕ್ಕ ಬೆಳೆದವನು ಅವನು. "ಪ್ರಾಣಿ ಕಾಲು ಹಿಂಗಿರಲ್ಲ. ಆದ್ರೂ ಒದಿಯೋ ಹಂಗೈತೆ ನೋಡು" ಅಂದ. ಅಂದು ಕೇಳಿದ ಒಳ್ಳೆಯ ಕಲಾವಿಮರ್ಶೆ ಅದು.

ಒಬ್ಬರ ಹೆಸರು ಮಾತ್ರ ಮನಸ್ಸಿನಲ್ಲಿ ಭಾರವಾಗಿ ಉಳಿಯಿತು. ಕೆ. ರಾಮಾನುಜಂ. ಇಂಕಿನ ಸಣ್ಣ ಸಣ್ಣ ಗೆರೆಗಳಲ್ಲಿ ಅರಮನೆ, ಸರ್ಪ, ಹಾರುವ ಜೀವಿಗಳ ಕನಸಿನ ಲೋಕ ಬರೆದವರು. ಮಾತು ಅಷ್ಟು ಸಲೀಸಲ್ಲದ, ಒಂಟಿ ಮನುಷ್ಯ. ಈ ಹಳ್ಳಿ ಅವರಿಗೆ ನೆಲೆ ಕೊಟ್ಟಿತ್ತು. ಆದರೂ 1973ರಲ್ಲಿ, ಮೂವತ್ತರ ಆಸುಪಾಸಿನಲ್ಲೇ, ಅವರು ತಮ್ಮ ಜೀವ ಕಳೆದುಕೊಂಡರು. ಒಟ್ಟಿಗೆ ಇದ್ದ ಮಾತ್ರಕ್ಕೆ ಎಲ್ಲರ ನೋವೂ ಎಲ್ಲರಿಗೂ ಕಾಣುವುದಿಲ್ಲ. ಹಾಸ್ಟೆಲ್, ಪಿಜಿಗಳಲ್ಲಿ ಪಕ್ಕದ ಮಂಚದವನು ಮೌನವಾಗಿದ್ದರೆ ನಾವು ಒಮ್ಮೆ ಮಾತಾಡಿಸಬೇಕು ಅನ್ನಿಸಿತು.

ಕಡಲ ಬದಿಯ ಜಗಳ

ಹೊರಬಂದು ಕಡಲ ಕಡೆ ನಡೆದೆವು. ಕೆಲವೇ ನಿಮಿಷದ ದಾರಿ. ಅಪ್ಪನ ಸಮುದ್ರದಲ್ಲಿ ಯಾವಾಗಲೂ ಸೂರ್ಯ ನೀರಿಗೆ ಇಳಿಯುತ್ತಿರುತ್ತಾನೆ. ಇಲ್ಲಿ ನೋಡಿದರೆ ಸೂರ್ಯ ನಮ್ಮ ಬೆನ್ನ ಹಿಂದೆ, ಕಟ್ಟಡಗಳ ಆಚೆ ಇಳಿಯುತ್ತಿದ್ದ. ಮುಂದೆ ಸ್ಲೇಟಿನ ಬಣ್ಣದ ನೀರು ಮಾತ್ರ.

ಗೆಳೆಯ ಚಪ್ಪಲಿ ಕೈಯಲ್ಲಿ ಹಿಡಿದು, "ಎಲ್ಲಾ ಸರಿ ಗುರೂ. ಅವರು ಅರವತ್ತಾರರಲ್ಲಿ ಜಮೀನು ತಗೊಂಡ್ರು. ಈಗ ನೀನು ತುಮಕೂರಲ್ಲಿ ಒಂದು ತರ್ಟಿ ಫಾರ್ಟಿ ಸೈಟ್ ತಗೋ ನೋಡೋಣ, ಬಾಟಿಕ್ ಮಾಡಿ" ಅಂದ.

ಮಾತು ಸುಳ್ಳಲ್ಲ. ಕಾಲ ಬೇರೆ, ಬೆಲೆ ಬೇರೆ. ಚೋಳಮಂಡಲ ಕೂಡ ಮೊದಲಿನಂತಿಲ್ಲ. ಪಣಿಕ್ಕರ್ 1977ರಲ್ಲಿ ತೀರಿಕೊಂಡರು, ಸುಲ್ತಾನ್ ಅಲಿ 1990ರಲ್ಲಿ, ನಂದಗೋಪಾಲ್ 2017ರಲ್ಲಿ. ವಿಶ್ವನಾಥನ್ ಪ್ಯಾರಿಸ್ ಸೇರಿದರು. ಚೋಳಮಂಡಲದಲ್ಲೇ ಬಾಳು ಕಟ್ಟಿದ್ದ ಕಲಾವಿದೆ ಪತ್ನಿ ಅರ್ನವಾಜ್ ತೀರಿಕೊಂಡ 1988ರಲ್ಲೇ ವಾಸುದೇವ್ ಬೆಂಗಳೂರಿಗೆ ಬಂದುಬಿಟ್ಟರು. ಕಲಾವಿದರ ಹಳ್ಳಿಯನ್ನು ನಗರ ಸುತ್ತುವರಿದಿದೆ. ಅದನ್ನು ಹಾಗೇ ಎತ್ತಿ ತಂದು ಹೇಮಾವತಿ ನಾಲೆಯ ಪಕ್ಕ ಇಡಲು ಆಗುವುದಿಲ್ಲ.

ಆದರೆ ಜಮೀನಿಗಿಂತ ಮೊದಲು ಅವರ ಹತ್ತಿರ ಇದ್ದದ್ದು ಎರಡೇ. ಒಂದು, ಹೊಟ್ಟೆಪಾಡಿನ ಕೆಲಸವನ್ನು ಕೀಳು ಎಂದುಕೊಳ್ಳದ ಮನಸ್ಸು. ಇನ್ನೊಂದು, ಜೊತೆಗಾರರು. ಇದನ್ನು ನಾನು ಹೇಳಿದಾಗ ಗೆಳೆಯ ಸುಮ್ಮನಾದ. ಆಮೇಲೆ, "ನಿಮ್ಮೂರಲ್ಲೇ ಇತ್ತಲ್ಲೋ ಅದು. ನಾಟಕದ ಕಂಪನಿ" ಅಂದ.

ನನಗೆ ಹೊಳೆದೇ ಇರಲಿಲ್ಲ! 1884ರಲ್ಲಿ ನಮ್ಮ ಗುಬ್ಬಿಯಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘ. ಬಾಲನಟನಾಗಿ ಸೇರಿದ ವೀರಣ್ಣನವರು ಮುಂದೆ ಅದನ್ನು ನಾಡಿನ ದೊಡ್ಡ ಕಂಪನಿಯಾಗಿ ಬೆಳೆಸಿದರು. ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ, ಬಿ.ವಿ. ಕಾರಂತರು ಅಲ್ಲಿ ಅನ್ನ ಉಂಡು ಕಲಿತವರು. ನಟರು, ಪರದೆ ಬರೆಯುವವರು, ಹಾರ್ಮೋನಿಯಂ ಮೇಷ್ಟ್ರು, ಅಡುಗೆಯವರು ಎಲ್ಲ ಒಂದೇ ಕಂಪನಿ ಮನೆ. ಟಿಕೆಟ್ ಹಣದಲ್ಲೇ ಸಂಸಾರ. ಕಡಲಿಲ್ಲದ ಊರಿನ ಕಲಾವಿದರ ಹಳ್ಳಿ ಅದು, ಗಾಡಿಯ ಮೇಲೆ ಊರೂರು ಸುತ್ತುತ್ತಿತ್ತು. ತುಮಕೂರಿನ ವೀರಣ್ಣ ಕಲಾಕ್ಷೇತ್ರದ ಮುಂದೆ ನೂರು ಸಲ ಓಡಾಡಿದ್ದೇನೆ. ಆ ಹೆಸರನ್ನು ಹೀಗೆ ಯೋಚಿಸಲು ಬಂಗಾಳ ಕೊಲ್ಲಿಯವರೆಗೆ ಬರಬೇಕಾಯಿತು.

ಇಷ್ಟು ದಿನ ನನ್ನ ತಲೆಯಲ್ಲಿ ಎರಡೇ ದಾರಿ ಇದ್ದವು. ನೌಕರಿ ಸಿಕ್ಕರೆ ಚಿತ್ರ ಬಿಡಬೇಕು, ಚಿತ್ರ ಹಿಡಿದರೆ ಉಪವಾಸ ಬೀಳಬೇಕು. ಪರೀಕ್ಷೆಗೆ ಓದುವಾಗ ಚಿತ್ರಕ್ಕೆ ದ್ರೋಹ ಮಾಡಿದಂತೆ, ಚಿತ್ರ ಬರೆಯುವಾಗ ಅಪ್ಪನಿಗೆ ಮೋಸ ಮಾಡಿದಂತೆ ಅನ್ನಿಸುತ್ತಿತ್ತು. ಬಾಟಿಕ್ ಬಟ್ಟೆಗಳ ಕಥೆ ಆ ಗಂಟನ್ನು ಸಡಿಲಿಸಿತು. ನಾನು ಬರೆಯುತ್ತಿರುವ ಪರೀಕ್ಷೆಯೇ ನನ್ನ ಬಾಟಿಕ್ ಆಗಬಹುದು. ಅದರಲ್ಲಿ ನಾಚಿಕೆಪಡುವುದೇನಿಲ್ಲ. ಆದರೆ ಮೇಣ ಕರಗಿಸಿದ ಮೇಲೆ ಚಿತ್ರಕ್ಕೆ ಕೂರಲೇಬೇಕು. ಬರೀ ಮೇಣ ಕರಗಿಸುತ್ತಾ ಆಯುಷ್ಯ ಕಳೆಯಬಾರದು.

ಶಟರ್ ಎತ್ತಿದ ಭಾನುವಾರ

ಮನೆಗೆ ಬಂದ ದಿನ ರಾತ್ರಿ ಅಪ್ಪನಿಗೆ ಮೊಬೈಲಿನಲ್ಲಿ ಪಣಿಕ್ಕರ್ ಅವರ ಅಕ್ಷರಗಳ ಚಿತ್ರ ತೋರಿಸಿದೆ. ಬಯ್ಯುತ್ತಾರೇನೋ ಎಂದುಕೊಂಡಿದ್ದೆ. ಅಪ್ಪ ಕನ್ನಡಕ ಏರಿಸಿ, ಎರಡು ಬೆರಳಿನಿಂದ ದೊಡ್ಡದು ಮಾಡಿ, ಬಹಳ ಹೊತ್ತು ನೋಡಿದರು.

"ಓದಕ್ಕಾಗಲ್ಲ" ಅಂದರು.

"ಓದಕ್ಕಲ್ಲಪ್ಪ ಅದು."

"ಅದು ಗೊತ್ತಾಯ್ತದೆ ಕಣೋ. ಸಾಲು ಮಾತ್ರ ನೆಟ್ಟಗೈತೆ ನೋಡು. ಕೈ ಪಳಗಿರೋ ಮನುಷ್ಯ." ಆಮೇಲೆ ಕೇಳಿದರು: "ಇದನ್ನ ಬರೆಯೋ ಹೊತ್ತಲ್ಲಿ ಊಟಕ್ಕೆ ಏನ್ಮಾಡ್ತಿದ್ರಂತೆ ಇವರೆಲ್ಲ?"

ಬಾಟಿಕ್ ಕಥೆ ಹೇಳಿದೆ. ಸಂಘ, ಮೇಣ, ಮಾರಾಟ, ಜಮೀನು ಎಲ್ಲ. ಅಪ್ಪ ಮಧ್ಯೆ ಮಾತಾಡಲಿಲ್ಲ. ಕೊನೆಗೆ, "ನಾವು ಒಬ್ಬೊಬ್ಬರೇ ಇದ್ವಿ" ಅಂದರು. ಗುಬ್ಬಿ, ನಿಟ್ಟೂರು, ಚೇಳೂರುಗಳಲ್ಲಿ ಆಗ ಬೋರ್ಡ್ ಬರೆಯುತ್ತಿದ್ದ ನಾಲ್ಕೈದು ಜನರನ್ನು ಒಬ್ಬೊಬ್ಬರಾಗಿ ನೆನೆಸಿಕೊಂಡರು. ಎಲ್ಲರೂ ಒಬ್ಬರಿಗಿಂತ ಒಬ್ಬರು ಕಡಿಮೆ ರೇಟು ಹೇಳಿಕೊಂಡೇ ಅಂಗಡಿ ಮುಚ್ಚಿದ್ದರು.

ಮರುದಿನ ಬೆಳಿಗ್ಗೆ ಹಳೆ ಅಂಗಡಿಯ ಬೀಗದ ಕೈ ನನ್ನ ಪುಸ್ತಕಗಳ ಮೇಲಿತ್ತು. ಅದರ ಬಗ್ಗೆ ಇಬ್ಬರೂ ಮಾತಾಡಲಿಲ್ಲ.

ಈಗ ಭಾನುವಾರ ಶಟರ್ ಎತ್ತುತ್ತೇವೆ. ನಾವು ನಾಲ್ವರು: ನಾನು, ತುಮಕೂರಿನಲ್ಲಿ ಚಿತ್ರಕಲೆ ಡಿಪ್ಲೊಮಾ ಮಾಡುತ್ತಿರುವ ಇಬ್ಬರು ಹೆಣ್ಣುಮಕ್ಕಳು, ಮತ್ತು ಲೆಕ್ಕ ಬರೆಯಲು ಕುಣಿಗಲ್‌ನ ಗೆಳೆಯ. ಮದುವೆ ಮನೆಯ ಹೆಸರಿನ ಬೋರ್ಡು, ಶಾಲೆಯ ಗೋಡೆ, ಮಡಕೆ ಮೇಲಿನ ಚಿತ್ರ, ಏನು ಸಿಕ್ಕರೂ ಮಾಡುತ್ತೇವೆ. ಮುಂಗಡ ಇಲ್ಲದೆ ಬ್ರಷ್ ಅದ್ದುವುದಿಲ್ಲ. ಇದು ಗೆಳೆಯ ಮಾಡಿದ ನಿಯಮ. ಬಂದದ್ದರಲ್ಲಿ ಒಂದು ಪಾಲು ಡಬ್ಬಿಗೆ. ಡಬ್ಬಿಯ ದುಡ್ಡಿನಲ್ಲಿ ಕ್ಯಾನ್ವಾಸ್, ಬಣ್ಣ. ಮಧ್ಯಾಹ್ನ ಮೂರರ ನಂತರ ಗಿರಾಕಿ ಕೆಲಸ ಬಂದ್. ಆಮೇಲೆ ಅವರವರ ಚಿತ್ರ ಅವರವರಿಗೆ. ಇದು ನಾನು ಮಾಡಿದ ನಿಯಮ. ಇನ್ನೂ ದೊಡ್ಡದೇನೂ ಆಗಿಲ್ಲ. ಜನವರಿಯಲ್ಲಿ ಬೆಂಗಳೂರಿನ ಚಿತ್ರಸಂತೆಗೆ ನಾಲ್ಕು ಕೆಲಸವಾದರೂ ಒಯ್ಯಬೇಕು ಎಂಬುದು ಸದ್ಯದ ಆಸೆ.

ಸ್ನೇಹಿತರೇ, ಪರೀಕ್ಷೆಗೆಂದು ದೂರದ ಊರುಗಳಿಗೆ ನಾವು ಹೋಗುತ್ತಲೇ ಇರುತ್ತೇವೆ. ಹಾಲ್ ಟಿಕೆಟ್ ಬಂದಾಗ ಆ ಊರಿನಲ್ಲಿ ನೋಡುವಂಥದ್ದು ಏನಿದೆ ಎಂದು ಒಮ್ಮೆ ಹುಡುಕಿ. ಚೆನ್ನೈ ಬಂದರೆ ಚೋಳಮಂಡಲಕ್ಕೆ ಹೋಗಿ. ಹೋದಾಗ ಅರ್ಥ ಹುಡುಕುವ ಅವಸರ ಬೇಡ. ಒಂದು ಚಿತ್ರ ಆರಿಸಿಕೊಂಡು ಹತ್ತು ನಿಮಿಷ ನಿಲ್ಲಿ. ನಿಮ್ಮ ಮನೆಯ ಯಾವುದೋ ತಗಡು ನೆನಪಾದರೆ ಟಿಕೆಟ್ ದುಡ್ಡು ವಸೂಲಾದಂತೆ.

ಅಂದಹಾಗೆ, ಆ ಪರೀಕ್ಷೆಯ ಫಲಿತಾಂಶ ಬಂತು. ಎರಡು ಅಂಕದಲ್ಲಿ ಹೋಯಿತು. ಎಂಟನೆಯದಕ್ಕೆ ಅರ್ಜಿ ಹಾಕಿದ್ದೇನೆ.

ಕಳೆದ ಭಾನುವಾರ ಮೂರು ಗಂಟೆಯ ಮೇಲೆ ಅಪ್ಪ ಅಂಗಡಿಗೆ ಬಂದರು. ನಮ್ಮ ಕೆಲಸವನ್ನೆಲ್ಲ ಸುಮ್ಮನೆ ನೋಡಿ, ಮೂಲೆಯಲ್ಲಿದ್ದ ಹಳೆಯ ತಗಡು ಎತ್ತಿಕೊಂಡು ಧೂಳು ಒರೆಸಿದರು.

"ಸೂರ್ಯ ಹಿಂದೆ ಮುಳುಗ್ತಿದ್ದ ಅಂದ್ಯಲ್ಲ, ಆವಾಗ ನೀರು ಯಾವ ಬಣ್ಣ ಇತ್ತು?"

"ಸ್ಲೇಟಿನ ಬಣ್ಣ ಇತ್ತಪ್ಪ."

ಅಪ್ಪ ಬಿಳಿಗೆ ಸ್ವಲ್ಪ ಕಪ್ಪು ಬೆರೆಸಿದರು. ನೋಡಿ, ಒಂದು ಹನಿ ನೀಲಿ ಹಾಕಿದರು. ಆ ತಗಡನ್ನು ಸಂಜೆ ಒರೆಸಲಿಲ್ಲ.